ಗಿಡದ ಬಲಗಡೆ

ನನ್ನ ಮೇಜಿನ ಮೇಲೊಂದು ಗಿಡ ಇದೆ. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ಕಿಟಕಿಯಿಂದ ಒಂದಿಷ್ಟು ಬೆಳಕು ಬಿದ್ದರೆ ಸಾಕು, ಟಿಕ್ ಟಿಕ್ ಎಂದು ಎಲೆ ಆಡಿಸುತ್ತದೆ. ಅಂಗೈಯಷ್ಟು ಪ್ಲಾಸ್ಟಿಕ್ ಕುಂಡ, ಕುಂಡಕ್ಕೆ ಅಂಟಿಕೊಂಡ ಸಣ್ಣ ಸೋಲಾರ್ ಪಟ್ಟಿ, ನಡುವೆ ಒಂದು ಹಳದಿ ಹೂವು, ಹೂವಿನ ಮೇಲೆ ಎರಡು ಕಣ್ಣು ಮತ್ತು ಕಿವಿಯವರೆಗೆ ನಗು. ಅಕ್ಕಪಕ್ಕ ಎರಡು ಎಲೆ. ಅದರಲ್ಲಿ ಒಂದು ಎಲೆ ಮಾತ್ರ ಆಡುತ್ತದೆ. ಇನ್ನೊಂದು ಬಂದ ದಿನದಿಂದಲೂ ಮುಷ್ಕರ ಹೂಡಿದೆ.

ಕೊಟ್ಟವನು ನನ್ನ ತಮ್ಮ. ಶಿರಾ ಗೇಟ್ ಹತ್ತಿರ ಅವನದೊಂದು ಫ್ಯಾನ್ಸಿ ಸ್ಟೋರ್ ಇದೆ. ಒಂದು ಸಂಜೆ ಅವನ ಅಂಗಡಿಗೆ ಹೋದಾಗ ಗಾಜಿನ ಬೀರುವಿನ ಮೂಲೆಯಿಂದ ಇದನ್ನು ತೆಗೆದು ನನ್ನ ಕೈಗಿಟ್ಟ.

"ತಗೋ ಆಪಾ, ಆಸ್ಪತ್ರೆ ಟೇಬಲ್ ಮೇಲೆ ಇಟ್ಕೋ. ಶೋ ಬರತ್ತೆ."

"ಒಂದು ಎಲೆ ಅಲ್ಲಾಡ್ತಾನೇ ಇಲ್ವಲ್ಲೋ?"

"ಅದಕ್ಕೆ ಲಕ್ವ ಹೊಡ್ದಿದೆ. ಚೆನ್ನಾಗಿದ್ದಿದ್ರೆ ಮಾರ್ತಿರ್ಲಿಲ್ವಾ? ನಿಂಗ್ಯಾಕೆ ಕೊಡ್ತಿದ್ದೆ?"

ನನ್ನ ತಮ್ಮನ ಪ್ರೀತಿ ಅಂದರೆ ಇದೇ. ಬೈಯುತ್ತಲೇ ಬ್ಯಾಗಿಗೆ ಹಾಕಿಕೊಂಡು ಬಂದೆ.

ನಾನು ತುಮಕೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಎದೆಯ ಮೇಲಿನ ಬಿಲ್ಲೆಯಲ್ಲಿ ಕೌನ್ಸೆಲರ್ ಅಂತ ಬರೆದಿದೆ. ಬಿಡಿಸಿ ಹೇಳಬೇಕೆಂದರೆ, ಹೆದರಿದವರನ್ನು ಎದುರಿಗೆ ಕೂರಿಸಿಕೊಂಡು ಹೆದರಿಕೆ ಬಿಡಿಸುವ ಕೆಲಸ. ಡಾಕ್ಟರು ಒಳಗೆ ನೋಡಿ "ಪೊರೆ ಬಂದಿದೆ, ಆಪರೇಷನ್ ಆಗಬೇಕು" ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಮಿಕ್ಕ ಇನ್ನೂರು ಮಾತು ನನ್ನ ಪಾಲು. ಗುಬ್ಬಿಯಲ್ಲಿ ಹುಟ್ಟಿ ಬೆಳೆದವಳು ನಾನು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಕೋರದಂಥ ಹಳ್ಳಿಯ ಮುದುಕಿ ಬಂದರೆ ಆ ಮುದುಕಿಯ ಹಾಗೆ, ತಾಲ್ಲೂಕು ಆಫೀಸಿನ ಸಾಹೇಬರು ಬಂದರೆ ಸಾಹೇಬರ ಹಾಗೆ ಮಾತಾಡಬಲ್ಲೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಆ ಆಸ್ಪತ್ರೆಯಲ್ಲಿ ಇಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ನನ್ನ ಕಸುಬಿನಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ಪಾಠ. ಎದುರಿಗೆ ಕೂತವರ ಬಲ ನನ್ನ ಎಡ. ಬಲಗಣ್ಣಿಗೆ ಆಪರೇಷನ್ ಅಂದರೆ ಅವರ ಬಲಗಣ್ಣಿಗೆ, ನನಗೆ ಬಲಗಡೆ ಕಾಣುವ ಕಣ್ಣಿಗಲ್ಲ. ಆ ಕಣ್ಣಿನ ಹುಬ್ಬಿನ ಮೇಲೆ ಪೆನ್ನಿನಿಂದ ಗುರುತು ಹಾಕುವುದೂ ನಾನೇ. ಬಾಯಲ್ಲಿ ಬಲ ಎಡ ಎಂದರೆ ನಾನು ನಂಬುವುದಿಲ್ಲ, "ಮುಟ್ಟಿ ತೋರಿಸಿ" ಎನ್ನುತ್ತೇನೆ. ಇಷ್ಟು ವರ್ಷವಾಗಿ ಅದೆಷ್ಟು ರೂಢಿಯಾಗಿದೆಯೆಂದರೆ, ಮನೆಯಲ್ಲಿ ಮಗಳು "ಅಮ್ಮಿ, ಬಲಗಡೆ ಡಬ್ಬಿ ಕೊಡು" ಅಂದರೂ "ಯಾರ ಬಲಗಡೆ?" ಎಂದು ಕೇಳಿ ಬೈಸಿಕೊಳ್ಳುತ್ತೇನೆ.

ಗಿಡವನ್ನು ಮೇಜಿನ ಮೇಲೆ ಇಟ್ಟಾಗ ಅದರ ನಗುಮುಖವನ್ನು ಬಂದವರ ಕಡೆ ತಿರುಗಿಸಿಟ್ಟೆ. ನಗು ಬೇಕಾಗಿರುವುದು ಅವರಿಗೆ, ನನಗಲ್ಲ. ಅದರಿಂದ ಇಂಥದ್ದೊಂದು ಆಗುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ಶುರು ಮಾಡಿದವಳು ಕೋರದ ಒಬ್ಬ ಹೆಂಗಸು. ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ನಾನು ಅತ್ತೆಗೆ ಆಪರೇಷನ್ ಬಗ್ಗೆ ಹೇಳುತ್ತಿದ್ದರೆ ಸೊಸೆಯ ಕಣ್ಣೆಲ್ಲ ಗಿಡದ ಮೇಲೆ. ಇದ್ದಕ್ಕಿದ್ದಂತೆ ಅತ್ತೆಯ ಭುಜ ಹಿಡಿದು ಅಲ್ಲಾಡಿಸಿದಳು.

"ಅತ್ತೆ, ಬಲಗಡೆ ಕೊಡ್ತಾ ಅದೆ ಕಣತ್ತೆ! ಮಾಡಿಸ್ಕೊ, ಏನೂ ಆಗಕಿಲ್ಲ!"

ನನಗೆ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅವರಲ್ಲಿ ದೇವರ ಮುಂದೆ ಹೂ ಕೇಳುವ ಪದ್ಧತಿ. ಒದ್ದೆ ಮಾಡಿದ ಹೂವನ್ನು ದೇವರ ಮೈಮೇಲೆ ಎರಡೂ ಕಡೆ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ನಿಲ್ಲಬೇಕು. ಬಲಗಡೆ ಹೂ ಬಿದ್ದರೆ ದೇವರು ಒಪ್ಪಿಗೆ ಕೊಟ್ಟ ಹಾಗೆ, ಎಡಗಡೆ ಬಿದ್ದರೆ ಬೇಡ ಅಂದ ಹಾಗೆ. ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯವರೂ ಹೂ ಕೇಳಿಕೊಂಡು ಬಂದೆವು ಅನ್ನುತ್ತಿದ್ದದ್ದು ನೆನಪಿತ್ತು, ವಿವರ ಗೊತ್ತಿರಲಿಲ್ಲ.

"ಅಲ್ಲಮ್ಮಾ, ನೀನು ಕೂತಿರೋ ಕಡೆಯಿಂದ ನೋಡಿದ್ರೆ ಆಡ್ತಿರೋದು ಎಡಗಡೆ ಎಲೆ ಅಲ್ವಾ?" ಎಂದೆ.

ಅವಳು ನನ್ನನ್ನು ಪಾಪ ಎಂಬಂತೆ ನೋಡಿದಳು. "ನಮ್ ಬಲ ತಗೊಂಡು ಏನ್ ಮಾಡ್ತೀರ ಮೇಡಂ? ದೇವ್ರ ಬಲ ನೋಡ್ಬೇಕು. ಇದ್ರ ಮುಖ ನಮ್ ಕಡೆ ಇಲ್ವಾ?"

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನನ್ನ ಕಸುಬಿನ ಪಾಠವನ್ನು ಇವರ ದೇವರು ಎಷ್ಟೋ ಹಿಂದಿನಿಂದ ಪಾಲಿಸಿಕೊಂಡು ಬಂದಿದ್ದಾನೆ! ಅವತ್ತು ಮನೆಗೆ ಹೋಗಿ ಮಗಳಿಗೆ ಹೇಳಿದೆ, "ನೋಡು, ಯಾರ ಬಲಗಡೆ ಅಂತ ಕೇಳೋದು ನಾನೊಬ್ಬಳೇ ಅಲ್ಲ."

ಅಲ್ಲಿಂದ ಮುಂದೆ ಹಬ್ಬಿಬಿಟ್ಟಿತು. ಗಿಡದ ಎಡಗಡೆ ಎಲೆಗೆ ಲಕ್ವ, ಬಲಗಡೆ ಎಲೆ ಒಂದೇ ಆಡುವುದು. ಹಾಗಾಗಿ ಯಾರು ಏನು ಕೇಳಿದರೂ ಒಪ್ಪಿಗೆಯೇ. ಕಸ ಗುಡಿಸುವಾಕೆ ಮಗನಿಗೆ ಹೆಣ್ಣು ಸಿಗುತ್ತದಾ ಕೇಳಿದಳು, ಸಿಗುತ್ತದೆ ಎಂದಿತು. ಔಷಧಿ ಅಂಗಡಿಯವನು ಸೈಟು ಕೊಳ್ಳಲಾ ಕೇಳಿದ, ಕೊಳ್ಳು ಎಂದಿತು. ಡಾಕ್ಟರಮ್ಮನಿಗೆ ಸುದ್ದಿ ಮುಟ್ಟಿ ನನ್ನನ್ನು ಕರೆಸಿದರು.

"ಏನ್ರೀ, ಇದು ಆಸ್ಪತ್ರೆನೋ ಗುಡಿನೋ? ಅದನ್ನ ತೆಗೆದು ಹಾಕಿ."

"ಮೇಡಂ, ಗಿಡ ತೋರಿಸಿ ನಾನು ಒಬ್ಬರನ್ನಾದ್ರೂ ಒಪ್ಪಿಸಿದ್ದು ನೋಡಿದೀರಾ? ಯಾರು ಬಂದ್ರೂ ಇದು ಪ್ಲಾಸ್ಟಿಕ್, ಆಟದ ಸಾಮಾನು ಅಂತಾನೇ ಹೇಳ್ತೀನಿ. ಒಂದು ಎಲೆ ಕೆಟ್ಟಿದೆ ಅಂತಾನೂ ಹೇಳ್ತೀನಿ. ಆಮೇಲೂ ಅವರು ನಕ್ಕೊಂಡು ಕೇಳಿದ್ರೆ ನಾನೇನು ಮಾಡ್ಲಿ? ಇಲ್ಲಿ ಕೂತು ನಗೋರು ಬೇರೆ ಯಾರಿದಾರೆ ಹೇಳಿ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು "ಸರಿ, ಹೋಗಿ" ಎಂದರು. ಗಿಡ ಉಳಿಯಿತು. ನಾನು ಹೇಳಿದ್ದು ಸುಳ್ಳಲ್ಲ. ಕಣ್ಣಿನ ವಿಷಯದಲ್ಲಿ ನಾನು ಆಟ ಆಡುವವಳಲ್ಲ.

ಆಗ ಬಂದದ್ದು ಕುಣಿಗಲ್ ಕ್ಯಾಂಪು. ಆಗಾಗ ನಾವು ಗುಬ್ಬಿಗೋ ಕುಣಿಗಲ್ಲಿಗೋ ಹೋಗಿ ಯಾವುದಾದರೂ ಶಾಲೆಯ ಕೊಠಡಿಯಲ್ಲಿ ಕೂತು ಉಚಿತವಾಗಿ ಕಣ್ಣು ನೋಡುತ್ತೇವೆ. ಅವತ್ತು ಹುಲಿಯೂರುದುರ್ಗದಿಂದ ಗಂಡ ಹೆಂಡತಿ ಬಂದಿದ್ದರು. ಆಕೆ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಹೂ ಕಟ್ಟಿ ಮಾರುವವಳು, ವಯಸ್ಸು ಅರವತ್ತರ ಹತ್ತಿರ. ಆತ ಲಗೇಜ್ ಆಟೋ ಓಡಿಸುವ ಮನುಷ್ಯ, ಖಾಕಿ ಅಂಗಿ, ಕೈಯೆಲ್ಲ ಗ್ರೀಸು. ಗಂಡನನ್ನು ಆಕೆ "ಮಾವ" ಎಂದು ಕರೆಯುತ್ತಿದ್ದಳು. ಅವ್ವನ ಖಾಸಾ ತಮ್ಮನನ್ನೇ ಕಟ್ಟಿಕೊಂಡವಳು, ಹುಟ್ಟಿದಾಗಿನಿಂದ ಕರೆದದ್ದನ್ನು ಮದುವೆಯಾದ ಮೇಲೆ ಬದಲಾಯಿಸಲಿಲ್ಲವಂತೆ.

ಆಕೆಯ ಎಡಗಣ್ಣು ಚಿಕ್ಕಂದಿನಲ್ಲೇ ಜಾಲಿಮುಳ್ಳು ಚುಚ್ಚಿ ಹೋಗಿತ್ತು. ಇದ್ದದ್ದು ಬಲಗಣ್ಣೊಂದೇ. ಅದರಲ್ಲಿ ಪೊರೆ ಬಲಿತು ಬೆಳ್ಳಗಾಗಿತ್ತು. ಎದುರಿಗೆ ಕೈ ಆಡಿಸಿದರೆ ಏನೋ ಆಡಿತು ಅನ್ನುವಷ್ಟು ಗೊತ್ತಾಗುತ್ತಿತ್ತು, ಅಷ್ಟೇ.

"ಹೂ ಹೆಂಗಮ್ಮ ಕಟ್ತೀಯ?" ಅಂದೆ.

"ಹೂ ಕಟ್ಟಕ್ಕೆ ಕಣ್ಯಾಕವ್ವ? ಬೆರಳಿಗೆ ಗೊತ್ತಾಯ್ತದೆ, ಮೂಗಿಗೆ ಗೊತ್ತಾಯ್ತದೆ. ಚಿಲ್ಲರೆ ಕೊಡಕ್ಕೆ ಮಾತ್ರ ಕಷ್ಟ. ಈ ನಮ್ ಮಾವಂಗೆ ಒಂದು ಮಾರು ಹೂ ಮಡಚಿಕೊಡು ಅಂದ್ರೆ ಬರಾಕಿಲ್ಲ. ಇಷ್ಟು ವರ್ಷಕ್ಕೆ ಒಂದು ದಿನ ಹೂ ಮುಟ್ಟಿಲ್ಲ ಪುಣ್ಯಾತ್ಮ."

"ನನ್ ಕೈಗೆ ಗ್ರೀಸ್ ಅದೆ. ನಾನು ಮುಟ್ಟಿದ್ರೆ ನಿನ್ ಹೂ ಯಾರ್ ತಗೊಂತಾರೆ?" ಎಂದರು ಯಜಮಾನರು.

ನಾನು ನಕ್ಕೆ. ಆಮೇಲೆ ನಗದೆ ಹೇಳಿದೆ, ಇರುವ ಒಂದು ಕಣ್ಣನ್ನು ಉಳಿಸಿಕೊಳ್ಳಬೇಕಾದರೆ ಬೇಗ ಆಪರೇಷನ್ ಆಗಬೇಕು, ಎಷ್ಟು ಬಿಡುತ್ತೀಯೋ ಅಷ್ಟು ಅಪಾಯ. ಆಕೆ ಸುಮ್ಮನೆ ಕೇಳಿಸಿಕೊಂಡಳು. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕ, ಕೆಟ್ರೆ?"

ಎಲ್ಲರೂ ಕೇಳುವ ಪ್ರಶ್ನೆ ಅದು. ಎರಡು ಕಣ್ಣಿದ್ದವರಿಗೆ ನನ್ನಲ್ಲಿ ಉತ್ತರ ಸಿದ್ಧವಾಗಿ ಇರುತ್ತದೆ. ಒಂದೇ ಕಣ್ಣಿನವರಿಗೆ ಆ ಉತ್ತರ ಬಾಯಿಗೆ ಬರುವುದಿಲ್ಲ. "ಕೆಡೋದು ಬಹಳ ಕಮ್ಮಿ ಯಜಮಾನ್ರೆ. ಕೆಡೋದೇ ಇಲ್ಲ ಅಂತ ಹೇಳಿದ್ರೆ ನಾನು ಸುಳ್ಳಿ ಆಗ್ತೀನಿ. ಬಿಟ್ರೆ ಮಾತ್ರ ಗ್ಯಾರಂಟಿ ಕೆಡುತ್ತೆ" ಎಂದೆ. ಊರ ದೇವರು ಅಮ್ಮನ ಹತ್ತಿರ ಹೂ ಕೇಳಿ ಹೇಳುತ್ತೇವೆ ಅಂತ ಹೊರಟರು.

ಹೋದವರ ಸುದ್ದಿಯೇ ಇಲ್ಲ. ನಾನೇ ಫೋನು ಮಾಡಿದೆ. ಯಜಮಾನರು ಎತ್ತಿದರು. "ಎಡಗಡೆ ಆಯ್ತು ಕಣಕ್ಕ. ಅಮ್ಮ ಬ್ಯಾಡ ಅಂದವ್ಳೆ. ಬರಾಕಿಲ್ಲ." ನನಗೆ ಸಿಟ್ಟು ನೆತ್ತಿಗೇರಿತು. "ಯಜಮಾನ್ರೆ, ನಿಮ್ಮಮ್ಮ ದೊಡ್ಡೋಳು, ಇಲ್ಲ ಅನ್ನಲ್ಲ. ಆದ್ರೆ ನಾಳೆ ಕಣ್ಣು ನೋವು ಬಂದ್ರೆ, ಕೆಂಪಾದ್ರೆ, ಆಗ್ಲಾದ್ರೂ ನನ್ನ ಮುಖ ನೆನೆಸ್ಕೊಳ್ಳಿ" ಎಂದು ಫೋನಿಟ್ಟೆ. ಇಟ್ಟ ಮೇಲೂ ಎಷ್ಟೋ ಹೊತ್ತು ಗೊಣಗುತ್ತಿದ್ದೆ. ದೇವರ ಮಾತಿಗೆ ಎದುರು ಮಾತಾಡುವುದು ನನ್ನ ಕೆಲಸವಲ್ಲ. ಅದರಲ್ಲೂ ತಲೆಗೆ ದುಪಟ್ಟ ಸುತ್ತಿಕೊಂಡ ನಾನು ಇನ್ನೊಬ್ಬರ ದೇವರಿಗೆ ಬುದ್ಧಿ ಹೇಳಲು ಹೋದರೆ ಚೆನ್ನಾಗಿರುವುದಿಲ್ಲ.

ನಾನು ಹೇಳಿದ ಹಾಗೆಯೇ ಆಯಿತು, ಆಗಬಾರದಿತ್ತು. ಕಣ್ಣು ಕೆಂಪಾಗಿ, ನೋವು ತಡೆಯಲಾರದೆ ಇಬ್ಬರೂ ತುಮಕೂರಿಗೆ ಬಂದರು. ಡಾಕ್ಟರಮ್ಮ ಪರೀಕ್ಷೆ ಮಾಡಿ ಔಷಧಿ ಹಾಕಿದರು. ಆಮೇಲೆ ನನ್ನನ್ನು ಬಾಗಿಲ ಬಳಿ ಕರೆದು ಹೇಳಿದರು, "ಒಳಗೆ ಪ್ರೆಷರ್ ಏರಿದೆ. ಔಷಧಿಯಲ್ಲಿ ಒಂದೆರಡು ದಿನ ಹಿಡಿಯಬಹುದು. ಪೊರೆ ತೆಗೆಯದಿದ್ದರೆ ಈ ಕಣ್ಣೂ ಹೋಗುತ್ತದೆ. ಒಪ್ಪಿಸುವುದು ನಿಮ್ಮ ಜವಾಬ್ದಾರಿ."

ಇಬ್ಬರನ್ನೂ ನನ್ನ ಮೇಜಿನ ಮುಂದೆ ಕೂರಿಸಿದೆ. ನನಗೆ ಗೊತ್ತಿದ್ದದ್ದೆಲ್ಲ ಹೇಳಿದೆ. ಕಣ್ಣಿನ ಮಾದರಿ ತೆಗೆದು ಆಕೆಯ ಕೈಗೆ ಕೊಟ್ಟು ಮುಟ್ಟಿಸಿ ತೋರಿಸಿದೆ. ಮಣ್ಣಿನ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ದೇವರನ್ನು ಕೇಳಿ ಇಳಿಸುತ್ತೀಯೇನಮ್ಮ ಎಂದು ಕೇಳಿದೆ. ಆಕೆ ಎಲ್ಲದಕ್ಕೂ ಹೂಂ ಅಂದಳು. ಕೊನೆಗೆ "ಅಮ್ಮ ಎಡಗಡೆ ಕೊಟ್ಟವ್ಳಲ್ಲವ್ವ" ಎಂದಳು. ಬಂಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು. ಯಜಮಾನರು ನೆಲ ನೋಡುತ್ತಾ ಕೂತಿದ್ದರು.

ನಾನೂ ಸುಮ್ಮನಾದೆ. ನನ್ನ ಜೀವಮಾನದಲ್ಲಿ ನಾನು ಸುಮ್ಮನಾಗುವುದು ಅಪರೂಪ. ಆ ಮೌನದಲ್ಲಿ ಕಿಟಕಿಯ ಬಿಸಿಲಿಗೆ ಗಿಡ ಟಿಕ್ ಟಿಕ್ ಎನ್ನುತ್ತಿತ್ತು. ಆಕೆ ಕಿವಿಗೊಟ್ಟಳು.

"ಏನವ್ವ ಅದು, ಗಡಿಯಾರವಾ?"

"ಗಿಡ ಕಣಮ್ಮ."

"ಗಿಡ ಸದ್ದು ಮಾಡ್ತದಾ?" ಆಕೆ ಕೈ ಚಾಚಿದಳು. ನಾನು ಕುಂಡವನ್ನು ಅತ್ತ ತಳ್ಳಿದೆ. ಹೂವಿನ ಮೇಲೆ ಬೆರಳಾಡಿಸಿದವಳೇ ಮುಖ ಸಿಂಡರಿಸಿದಳು. "ಥೂ, ಪ್ಲಾಸ್ಟಿಕ್ಕು! ಇದಕ್ಕೆ ಕಣ್ಣು ಬಾಯಿ ಬ್ಯಾರೆ ಮಾಡವ್ರೆ." ಬೆರಳು ಎಲೆಯ ಕಡೆ ಹೋಯಿತು, ಎಲೆ ಬೆರಳಿಗೆ ತಾಗಿ ಬಡಿಯಿತು. ಆಕೆ ಮಗುವಿನ ಹಾಗೆ ನಕ್ಕಳು. ಬೆಳಗಿನಿಂದ ಅಳುತ್ತಿದ್ದ ಮುಖ ಅದು. ನಗುತ್ತಲೇ ಗಂಡನ ಕಡೆ ತಿರುಗಿದಳು.

"ಮಾವ, ಯಾವ ಕಡೆ ಎಲೆ ಆಡ್ತಾ ಅದೆ ನೋಡಿ ಹೇಳು."

ಯಜಮಾನರು ತಲೆ ಎತ್ತಿ ನೋಡಿದರು. "ಎಡಗಡೆ."

ನನಗೆ ತಡೆದುಕೊಳ್ಳಲು ಆಗಲಿಲ್ಲ. ಯೋಚನೆ ಮಾಡಿ ಆಡಿದ ಮಾತಲ್ಲ, ಕಸುಬು ಆಡಿಸಿದ ಮಾತು. "ಎಡ ಅಲ್ಲ ಯಜಮಾನ್ರೆ, ಬಲ! ಅದರ ಮುಖ ನಿಮ್ಮ ಕಡೆ ಇದೆ. ನಿಮ್ಮ ಎಡ ತಗೊಂಡು ಏನು ಮಾಡ್ತೀರ? ಅದರ ಬಲ ಅದು."

ಆಕೆಯ ಬೆರಳು ಎಲೆಯ ಮೇಲೇ ಇತ್ತು.

"ಮಾವ," ಎಂದಳು ನಿಧಾನಕ್ಕೆ, "ಅವತ್ತು ಅಮ್ಮನ ಹತ್ರ ನೀನು ಎಲ್ಲಿ ನಿಂತಿದ್ದೆ?"

ಅವರ ಅಮ್ಮ ಊರಾಚೆ ಹುಣಸೇಮರದ ಕೆಳಗಿರುವ ದೇವರು. ಅಲ್ಲಿ ಪೂಜಾರಿ ಇಲ್ಲ, ಬೇಕಾದವರೇ ಹೂವಿಟ್ಟು ಕೇಳಿಕೊಳ್ಳಬೇಕು. ಆಕೆಗೆ ಕಾಣದು, ನೋಡಿ ಹೇಳಿದವರು ಯಜಮಾನರು. ಅವರಿಗೋ ದೇವರು ದಿಂಡರು ಅಂದರೆ ಅಷ್ಟಕ್ಕಷ್ಟೆ. ಇದೆಲ್ಲ ಆಕೆ ಆ ಕ್ಷಣದಲ್ಲೇ ನನಗೆ ಗಡಿಬಿಡಿಯಲ್ಲಿ ಹೇಳಿದಳು.

"ಹೇಳು ಮಾವ. ಎಲ್ಲಿ ನಿಂತಿದ್ದೆ?"

ಯಜಮಾನರು ಗಿಡವನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಎದುರಿಗೆ," ಎಂದರು. ಮತ್ತೆ ಹೇಳಿದರು, "ಅಮ್ಮನ ಎದುರಿಗೇ ನಿಂತಿದ್ದೆ."

"ಅಯ್ಯೋ ನಿನ್ ಮನೆ ಕಾಯ್ವೋಗ! ನಿನ್ ಎಡ ಹೇಳಿದ್ಯಾ?"

"ಹೂಂ. ನನ್ ಎಡಾನೇ."

"ಅಮ್ಮ ಬಲಗಡೆ ಕೊಟ್ಟವ್ಳೆ ಕಣವ್ವ!" ಎಂದು ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. "ಎಲ್ಲಿ ಹೆಬ್ಬೆಟ್ಟು ಒತ್ತಬೇಕು, ತೋರ್ಸು."

ಮೊದಲು ನನ್ನ ಮನಸ್ಸಾಕ್ಷಿ ಸರಿಮಾಡಿಕೊಳ್ಳಬೇಕಿತ್ತು. "ಅಮ್ಮಾ, ಈ ಗಿಡ ಎಲ್ಲರಿಗೂ ಬಲಗಡೆಯೇ ಕೊಡತ್ತೆ, ಇನ್ನೊಂದು ಎಲೆ ಕೆಟ್ಟು ಹೋಗಿದೆ. ಗಿಡ ಹೇಳ್ತು ಅಂತ ಮಾಡಿಸ್ಕೋಬೇಡ" ಎಂದೆ. ಆಕೆ ನನಗೇ ಗದರಿದಳು. "ಗಿಡ ಅತ್ಲಾಗ್ ಬಿಸಾಕು. ನಾನು ಅಮ್ಮನ ಮಾತು ಹೇಳ್ತಾ ಇವ್ನಿ." ಇಂಕಿನ ಡಬ್ಬಿ ತೆಗೆದು ಮುಂದಿಟ್ಟೆ.

ಔಷಧಿಯಲ್ಲಿ ಪ್ರೆಷರ್ ಇಳಿಯಿತು. ಆಪರೇಷನ್ ದಿನ ಬೆಳಿಗ್ಗೆ ಆಕೆಯನ್ನು ಎದುರಿಗೆ ಕೂರಿಸಿಕೊಂಡು "ಯಾವ ಕಣ್ಣು, ಮುಟ್ಟಿ ತೋರಿಸಿ" ಎಂದೆ. "ಇನ್ನೊಂದು ಎಲ್ಲಿದ್ದಾತು ತೋರ್ಸಕ್ಕೆ?" ಎಂದು ನಕ್ಕಳು. ಹುಬ್ಬಿನ ಮೇಲೆ ಗುರುತು ಹಾಕುವಾಗ ನನ್ನ ಕೈ ಸ್ವಲ್ಪ ನಡುಗಿತು. ಒಂದೇ ಕಣ್ಣಿನವರ ಹುಬ್ಬಿಗೆ ಪೆನ್ನು ಮುಟ್ಟಿಸುವಾಗಲೆಲ್ಲ ಹಾಗಾಗುತ್ತದೆ. ಆಕೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಚಾ ತಂದುಕೊಟ್ಟೆ, ಮುಟ್ಟಲಿಲ್ಲ. ಪಕ್ಕದಲ್ಲಿ ಕೂತೆ. ಅವರು ನನ್ನ ಮುಖ ನೋಡದೆ ಮಾತು ಶುರುಮಾಡಿದರು.

"ಅಕ್ಕ, ಒಂದು ವಿಸ್ಯ. ಅವತ್ತು ಹೂ ಬೀಳಲೇ ಇಲ್ಲ."

"ಏನಂದ್ರಿ?"

"ಬೀಳಲಿಲ್ಲ ಕಣಕ್ಕ. ಇವ್ಳೇ ತಡವಿಕೊಂಡು ಎರಡೂ ಕಡೆ ಸಂಪಿಗೆ ಎಸಳು ಅಂಟಿಸಿದ್ಲು, ನಿಂತೇ ನಿಂತೋ. ಬಿಸ್ಲು. ಇವ್ಳು ಕೈ ಮುಗ್ದು ನಿಂತವ್ಳೆ, ಕಾಲು ಸೋತು ವಾಲಾಡ್ತಾ ಅವ್ಳೆ. ಬಿತ್ತಾ ಮಾವ, ಬಿತ್ತಾ ಮಾವ ಅಂತ ಕೇಳ್ತಾ ಅವ್ಳೆ. ನಂಗೆ ಒಂದೇ ಯೋಚ್ನೆ. ಬಲಕ್ಕೆ ಬಿದ್ರೆ ಇವ್ಳು ಹೋಗಿ ಕಣ್ಣು ಕೊಯ್ಸಿಕೊಳ್ತಾಳೆ, ಇರೋದೊಂದು, ಅದೂ ಹೋದ್ರೆ? ಅದಕ್ಕೆ ನಾನೇ ಬೆರಳಲ್ಲಿ ತಳ್ದೆ. ಎಡಕ್ಕೆ."

"ಯಾರ ಎಡಕ್ಕೆ?" ನೋಡಿ, ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಅದೇ.

"ಅಮ್ಮನ ಎಡಕ್ಕೇ. ಎದುರಿಗೆ ನಿಂತ್ರೆ ಯಾವ್ದು ಎಡ ಯಾವ್ದು ಬಲ ಅನ್ನೋದು ನಂಗೊತ್ತಿಲ್ವಾ? ದೇವ್ರನ್ನ ನಂಬದಿದ್ರೂ ಊರಲ್ಲೇ ಹುಟ್ಟಿದೋನು ನಾನು. ನಿಮ್ ಗಿಡದ ಮೂತೀನೂ ಲೆಕ್ಕಕ್ಕೆ ತಗೋಬೇಕು ಅಂತ ಮಾತ್ರ ಗೊತ್ತಿರ್ಲಿಲ್ಲ. ಅವ್ಳು ಆಮೇಲೆ ಹಂಗ್ ಕೇಳಿದ್ಲಲ್ಲ, ಎಲ್ಲಿ ನಿಂತಿದ್ದೆ ಅಂತ, ಆವಾಗ ಅವ್ಳ ಮುಖ ನೋಡಿದ್ರಾ ಅಕ್ಕ? ಕಣ್ಣು ನೋವು ತಡೀಲಾರ್ದೆ ರಾತ್ರಿಯೆಲ್ಲ ಒದ್ದಾಡಿದ್ಲು. ಅದಕ್ಕೆ ಹೂಂ ಅಂದ್ಬುಟ್ಟೆ. ಮೊದ್ಲು ಒಂದು ಸುಳ್ಳು, ಅದನ್ನ ತಿದ್ದಕ್ಕೆ ಇನ್ನೊಂದು. ಈಗ ಒಳಗೆ ಹೋಗವ್ಳೆ. ಅಮ್ಮ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಏನಾರ ಆದ್ರೆ ನನ್ ಕೈಯಿಂದ್ಲೇ ಆದಂಗೆ."

ಆ ಗ್ರೀಸು ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಅಳುತ್ತಿದ್ದರು. ಬೈಯಲು ಬಾಯಿ ತೆರೆದಿದ್ದೆ. ಹೆಂಡತಿಯ ಕಣ್ಣನ್ನು ಅಷ್ಟು ದಿನ ಬೇಯಿಸಿದವನು ಈ ಮನುಷ್ಯ ಎಂದು ಸಿಟ್ಟು ಬಂದಿತ್ತು. ಆದರೆ ಅವರ ಹೆದರಿಕೆ ನನಗೆ ಗೊತ್ತಿಲ್ಲದ್ದಲ್ಲ. ಈಗಷ್ಟೇ ಪೆನ್ನು ಹಿಡಿದು ನಡುಗಿದವಳು ನಾನೇ ಅಲ್ಲವೇ?

"ಯಜಮಾನ್ರೆ," ಎಂದೆ, "ಅಳೋದು ಬಿಡಿ. ನಿಮ್ಮಮ್ಮ ಅಷ್ಟು ಹೊತ್ತು ಎರಡು ಕಡೆಯೂ ಕೊಡದೆ ಯಾಕೆ ಸುಮ್ಮನೆ ಇದ್ದಳು? ‘ನನ್ನನ್ನೇನು ಕೇಳ್ತೀರ, ಡಾಕ್ಟ್ರನ್ನ ಕೇಳಿ ಹೋಗಿ’ ಅಂತ ಹೇಳೋಕೇ. ನನಗಂತೂ ಹಾಗೇ ಅನ್ಸತ್ತೆ. ಚಾ ಕುಡೀರಿ, ಆರಿ ಹೋಯ್ತು."

ಅಷ್ಟು ಗಟ್ಟಿಯಾಗಿ ಹೇಳಿ ನನ್ನ ಮೇಜಿಗೆ ಬಂದು ಕೂತೆ. ಯಾರಿಗೂ ಕೇಳಿಸದ ಹಾಗೆ ನನಗೆ ಗೊತ್ತಿರುವ ದುವಾ ಎಲ್ಲ ಓದಿದೆ. ಗಿಡ ತನ್ನ ಪಾಡಿಗೆ ಎಲೆ ಬಡಿಯುತ್ತಿತ್ತು. ಅದರ ಕಡೆ ನೋಡಲಿಲ್ಲ. ಅವತ್ತು ನನಗೂ ಅದರ ಒಪ್ಪಿಗೆಯ ಮೇಲೆ ನಂಬಿಕೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಆಕೆ ಕಣ್ಣು ಮಿಟುಕಿಸಿದಳು, ನೀರು ಸುರಿಯಿತು, ಮತ್ತೆ ಮಿಟುಕಿಸಿದಳು. ಡಾಕ್ಟರಮ್ಮ ಬೆರಳು ತೋರಿಸಿ "ಎಷ್ಟು?" ಎಂದರು. "ಮೂರು. ಉಂಗ್ರ ಹಾಕ್ಕೊಂಡಿದೀರ, ಕೆಂಪು ಹಳ್ಳು" ಎಂದಳು. ನನ್ನ ಎದೆಯ ಭಾರ ಇಳಿಯಿತು. ಅಲ್ಲಿ ಯಾರೂ ಇಲ್ಲದಿದ್ದರೆ ಕುಣಿದುಬಿಡುತ್ತಿದ್ದೆ.

ಆಮೇಲೆ ಔಷಧಿ ಹಾಕುವ ಕ್ರಮ ಹೇಳಲು ಇಬ್ಬರನ್ನೂ ನನ್ನ ಮೇಜಿಗೆ ಕರೆತಂದೆ. ಕಪ್ಪು ಕನ್ನಡಕದ ಹಿಂದಿನಿಂದ ಆಕೆ ಮೊದಲು ನನ್ನನ್ನು ನೋಡಿದಳು. "ಧ್ವನಿ ಕೇಳಿ ಭಾರೀ ದಪ್ಪ ಇದೀಯ ಅನ್ಕೊಂಡಿದ್ದೆ ಕಣವ್ವ" ಎಂದಳು. ಗಂಡನನ್ನು ನೋಡಿ "ಇದೇನ್ ಮಾವ, ಇಷ್ಟು ಬೆಳ್ಳಗಾಗ್ಬುಟ್ಟವೆ ಮೀಸೆ!" ಎಂದಳು. ಕೊನೆಗೆ ಗಿಡವನ್ನು ಎತ್ತಿ ಹತ್ತಿರ ಹಿಡಿದು, ತಿರುಗಿಸಿ ನೋಡಿ, ಅದರ ನಗುವಿಗೆ ತಾನೂ ನಕ್ಕಳು.

ಯಜಮಾನರು ಕೂತಲ್ಲಿ ಕೂರಲಾರದೆ ಮಿಸುಕಾಡುತ್ತಿದ್ದರು. ನಾನು ಕಣ್ಣಲ್ಲೇ ಬೇಡ ಎಂದೆ, ಕೇಳಲಿಲ್ಲ.

"ನೋಡು, ನಿಂಗೊಂದು ಮಾತು ಹೇಳ್ಬೇಕು," ಎಂದರು. "ಅವತ್ತು ಅಮ್ಮನ ಹತ್ರ ಹೂವು..."

"ಗೊತ್ತು, ಸುಮ್ಕಿರು," ಎಂದಳು ಆಕೆ, ಗಿಡದಿಂದ ಕಣ್ಣು ತೆಗೆಯದೆ.

"ಏನ್ ಗೊತ್ತು?"

"ವಾಪಸ್ ಬರ್ತಾ ನನ್ ಕೈ ಹಿಡ್ಕೊಂಡು ಬಂದ್ಯಲ್ಲ ಮಾವ. ಒಂದಿನ ಹೂ ಮುಟ್ಟದ ಕೈ, ಬೆರಳೆಲ್ಲ ಸಂಪಿಗೆ ಗಮಗಮ ಅಂತಿತ್ತು."

ಯಜಮಾನರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಹಾಗಾದರೆ ಈ ಮೇಜಿನ ಮುಂದೆ ಕೂತು, ಯಾವ ಕಡೆ ಎಲೆ ಆಡ್ತಾ ಅದೆ ನೋಡಿ ಹೇಳು ಎಂದಿದ್ದು, ಎಲ್ಲಿ ನಿಂತಿದ್ದೆ ಎಂದು ಕೇಳಿದ್ದು, ಎಲ್ಲ ಗೊತ್ತಿದ್ದೇ?

"ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದೆ?" ಎಂದೆ. ನನ್ನ ದನಿ ಏರಿತು. "ಕಣ್ಣು ಹೋಗ್ತಿತ್ತಲ್ಲ!"

ಆಕೆ ಗಿಡವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು, ಮುಖ ತನ್ನ ಕಡೆ ಬರುವ ಹಾಗೆ.

"ಅಮ್ಮ ಬ್ಯಾಡ ಅಂದಿದ್ರೆ ಜಗಳ ಆಡಿ ಬರ್ತಿದ್ದೆ ಕಣವ್ವ. ಇವ್ನು ಬ್ಯಾಡ ಅಂದ. ಇಷ್ಟು ವರ್ಷದಲ್ಲಿ ಒಂದಿನ ನಂಗೆ ಹೆದರ್ಕೆ ಅಂತ ಬಾಯಿಬಿಟ್ಟು ಹೇಳಿದೋನಲ್ಲ. ಇವ್ನ ಬಾಯಿಂದ್ಲೇ ಹೂಂ ಬರ್ಲಿ ಅಂತ ಕಾದೆ."

ಯಜಮಾನರು ಬಲಗೈ ಬೆರಳುಗಳನ್ನು ಖಾಕಿ ಅಂಗಿಗೆ ಒರೆಸಿಕೊಂಡರು. ಒರೆಸಿಕೊಂಡು ಮತ್ತೆ ಒರೆಸಿಕೊಂಡರು. ಆಕೆ ಆ ಕೈಯನ್ನು ಹಿಡಿದು, ತಿರುಗಿಸಿ, ಮೊದಲ ಸಲ ಕಾಣುತ್ತಿರುವಂತೆ ನೋಡುತ್ತಾ ಕೂತಳು.